ಕೋಳಿಗೆ ಕೆಮ್ಮು ಬಂದಾಗ ನಾವು ಮಾಡಿದ್ದು

ಕೋಳಿ ಕೆಮ್ಮಿದರೆ ನಮ್ಮ ಕಡೆ ಎರಡೇ ಮಾತು. ಒಂದು, ಕೊಕ್ಕರೆ ರೋಗ ಬಂತು, ಇದ್ದಷ್ಟನ್ನೂ ಇವತ್ತೇ ಮಾರಿಬಿಡು. ಇನ್ನೊಂದು, ಏನೂ ಆಗಿಲ್ಲ, ಥಂಡಿಗೆ ನೆಗಡಿ ಆಗಿದೆ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕು. ನಮ್ಮ ಹಿತ್ತಲಲ್ಲಿ ಹೋದ ಚಳಿಗಾಲ ಆದದ್ದು ಈ ಎರಡೂ ಅಲ್ಲ. ಮಧ್ಯದಲ್ಲಿ ಇನ್ನೂ ಐದಾರು ರೋಗ ಇವೆ. ಮೇಲಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ, ಔಷಧಿ ಮಾತ್ರ ಬೇರೆ ಬೇರೆ, ಕೆಲವಕ್ಕೆ ಔಷಧಿಯೇ ಇಲ್ಲ. ಯಾವ ಕೆಮ್ಮು ಅಂತ ತಿಳಿಯುವ ಮೊದಲೇ ಸಿಕ್ಕ ಪುಡಿ ಕಲಸಿ ಕೊಟ್ಟರೆ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ. ಅದಕ್ಕೇ ನಾವು ಏನು ನೋಡಿದೆವು, ಡಾಕ್ಟರ್ ಏನು ಹೇಳಿದರು, ಕೊನೆಗೆ ಏನು ಕೆಲಸ ಮಾಡಿತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾವಿರುವುದು ಕೊಪ್ಪಳ ಜಿಲ್ಲೆಯಲ್ಲಿ, ಕಾರಟಗಿ ಹತ್ತಿರದ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಸುತ್ತಲೂ ಭತ್ತ, ರೋಡಿಗೆ ಬಂದರೆ ಅಕ್ಕಿ ಗಿರಣಿ. ಹಿತ್ತಲಲ್ಲಿ ಇಪ್ಪತ್ತು ಚಿಲ್ಲರೆ ಕೋಳಿ, ಜಾಸ್ತಿ ನಾಟಿ, ಕೆಲವು ಗಿರಿರಾಜ. ಗದ್ದೆ ಗಂಡಸರದು, ಕೋಳಿ ನನ್ನದು. ಮೊಟ್ಟೆ ದುಡ್ಡು ನನ್ನ ಕೈಗೇ ಬರುತ್ತದೆ, ಅದರಲ್ಲೇ ಸಂಘದ ಕಂತು ಕಟ್ಟುತ್ತೇನೆ. ಹಾಗಾಗಿ ಒಂದು ಹೇಂಟೆ ಮಂಕಾದರೂ ನನಗೆ ಅದು ಸಣ್ಣ ವಿಷಯ ಅಲ್ಲ.

ಶುರುವಾದದ್ದು ಭತ್ತದ ಕಟಾವಿನ ಹೊತ್ತಿಗೆ. ಆಗ ಊರಿನ ಗಾಳಿಯೇ ಬೇರೆ. ಕಟಾವು ಮಷಿನ್ ಎಬ್ಬಿಸುವ ಧೂಳು, ಗದ್ದೆಯಲ್ಲಿ ಹುಲ್ಲು ಸುಟ್ಟ ಹೊಗೆ, ಬೆಳಗಿನ ಜಾವ ಮಂಜು ಬಿದ್ದರೆ ಆ ಹೊಗೆ ಮೇಲೆ ಏಳದೆ ಮನೆಗಳ ಮೇಲೇ ಕೂತಿರುತ್ತದೆ. ಅದೇ ಸುಮಾರಿಗೆ ಅತ್ತೆಯ ತವರಿನಿಂದ, ಸಿಂಧನೂರು ಕಡೆಯಿಂದ, ಒಂದು ಹುಂಜ ಬಂತು. ಹುಲಿಗೆಮ್ಮನ ಹೆಸರಿಗೆ ಬಿಟ್ಟ ಹರಕೆ ಹುಂಜ. ಕೆಂಪು ಮೈ, ಕರಿ ಬಾಲ, ಒಳ್ಳೆ ಗತ್ತಿನ ನಡಿಗೆ. ಆಗಾಗ ತಲೆ ಒದರಿ ಸೀನುತ್ತಿತ್ತು, ಅಷ್ಟು ಬಿಟ್ಟರೆ ಅದಕ್ಕೆ ಏನೂ ಆದ ಹಾಗೆ ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ಒಂದು ಹೇಂಟೆಯ ಕಣ್ಣ ಮೂಲೆಯಲ್ಲಿ ನೊರೆ ಕಂಡಿತು. ಸೋಪಿನ ನೊರೆಯಲ್ಲಿ ಇರುವಂಥ ಸಣ್ಣ ಸಣ್ಣ ಗುಳ್ಳೆ, ರೆಪ್ಪೆ ಬಡಿದಾಗ ಒಡೆದು ಮತ್ತೆ ಬರುತ್ತಿತ್ತು. ಅದರ ರೆಕ್ಕೆಯ ಮೇಲ್ಭಾಗ, ಹೆಗಲ ಹತ್ತಿರದ ಪುಕ್ಕ ಅಂಟಂಟಾಗಿ ಕೊಳೆ ಹಿಡಿದಿತ್ತು. ಕೋಳಿಗೆ ಮೂಗು ಒರೆಸಿಕೊಳ್ಳೋಕೆ ಬೇರೆ ಏನಿದೆ, ತಲೆ ತಿರುಗಿಸಿ ರೆಕ್ಕೆಗೇ ಉಜ್ಜುತ್ತದೆ. ದೂರದಿಂದ ಮೂಗು ಸೋರುವುದು ಕಾಣದಿದ್ದರೂ ಹೆಗಲ ಪುಕ್ಕ ನೋಡಿದರೆ ಗೊತ್ತಾಗುತ್ತದೆ. ಇದನ್ನು ಎಲ್ಲರೂ ನೋಡಿಕೊಳ್ಳಬೇಕು, ತುಂಬಾ ಬೇಗ ಸಿಗುವ ಗುರುತು.

ಇನ್ನೊಂದು ಗುರುತು ರಾತ್ರಿ ಸಿಗುತ್ತದೆ. ಹಗಲು ಕೋಳಿ ಓಡಾಡುತ್ತವೆ, ಕೆದರುತ್ತವೆ, ಗಲಾಟೆಯಲ್ಲಿ ಏನೂ ಕೇಳುವುದಿಲ್ಲ. ರಾತ್ರಿ ಎಲ್ಲ ಗೂಡು ಸೇರಿದ ಮೇಲೆ ಬ್ಯಾಟರಿ ಆರಿಸಿ, ಮೊಬೈಲ್ ಒಳಗಿಟ್ಟು, ಗೂಡಿಗೆ ಕಿವಿ ಕೊಟ್ಟು ಸುಮ್ನೆ ಕೂರಬೇಕು. ನಾನು ಹಾಗೆ ಕೂತಾಗ ಕೇಳಿದ್ದು ಗೊರ ಗೊರ ಸದ್ದು, ಎಳನೀರು ಮುಗಿಯುವಾಗ ಸ್ಟ್ರಾ ಎಳೆದರೆ ಬರುತ್ತದಲ್ಲ, ಹಾಗೆ. ಒಂದು ಕಡೆಯಿಂದಲ್ಲ, ಮೂರ್ನಾಲ್ಕು ಕಡೆಯಿಂದ. ನೊರೆ ಕಂಡಿದ್ದು ಒಂದು ಕೋಳಿಗೆ, ರೋಗ ಹಿಡಿದಿದ್ದು ಅದಾಗಲೇ ಎಷ್ಟೋ ಕೋಳಿಗೆ.

ಆಗ ನಿಜವಾಗಿ ಹೆದರಿಕೆ ಆಯಿತು. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂದದ್ದು ಈ ಕಡೆ ಎಲ್ಲರಿಗೂ ನೆನಪಿದೆ. ಕೋಳಿ ಕೆಮ್ಮಿತು ಅಂದರೆ ಸಾಕು, ಜನ ಮೊದಲು ಅದನ್ನೇ ಕೇಳುತ್ತಾರೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ, ಆಮೇಲೆ ಪಶು ಆಸ್ಪತ್ರೆ ಡಾಕ್ಟರ್ ಹತ್ತಿರವೂ ಮಾತಾಡಿದೆ. ಅವರು ಔಷಧಿ ಹೆಸರು ಹೇಳಲಿಲ್ಲ, ಬರೀ ಪ್ರಶ್ನೆ ಕೇಳಿದರು. ಎಷ್ಟು ಬೇಗ ಹರಡುತ್ತಿದೆ? ಮೇವು ತಿನ್ನುತ್ತಿವೆಯಾ? ಹಿಕ್ಕೆ ಹಸಿರಾಗಿದೆಯಾ? ಕತ್ತು ತಿರುಚಿಕೊಂಡಿದೆಯಾ? ಮುಖ ಊದಿದೆಯಾ? ಮೂಗಿನ ನೀರು ವಾಸನೆ ಬರುತ್ತದಾ? ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿದೆಯಾ?

ಈ ಪ್ರಶ್ನೆಗಳ ಹಿಂದೆ ಏನಿದೆ ಅಂತ ಆಮೇಲೆ ಬಿಡಿಸಿ ಹೇಳಿದರು, ಅದು ನನಗೆ ಔಷಧಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ವೈರಸ್ಸಿನದು. ಲಸಿಕೆ ಬೀಳದ ಹಿಂಡಿಗೆ ಬಂದರೆ ಬೆಂಕಿ ಬಿದ್ದಂತೆಯೇ, ಕೆಲವೇ ದಿನದಲ್ಲಿ ಅರ್ಧಕ್ಕರ್ಧ ಹೋಗುತ್ತವೆ. ಬಾಯಿ ತೆರೆದು ಉಸಿರೆಳೆಯುತ್ತವೆ, ಹಸಿರು ಹಿಕ್ಕೆ, ಬದುಕಿದವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಎಳೆಯುತ್ತವೆ. ಕೊರೈಜಾ ಅಂತ ಒಂದಿದೆ, ಅದು ಬ್ಯಾಕ್ಟೀರಿಯಾದ್ದು. ಒಂದರಿಂದ ಮೂರು ದಿನದಲ್ಲೇ ಒಂದರಿಂದ ಒಂದಕ್ಕೆ ಹತ್ತುತ್ತದೆ, ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ, ಮೂಗಿನ ಹತ್ತಿರ ಕೆಟ್ಟ ವಾಸನೆ. ಆ ವಾಸನೆ ಒಮ್ಮೆ ನೋಡಿದವರು ಮರೆಯುವುದಿಲ್ಲವಂತೆ. ಸಿಆರ್‌ಡಿ, ಅಂದರೆ ಬಹುಕಾಲ ಎಳೆಯುವ ಉಸಿರಾಟದ ರೋಗ, ನಿಧಾನದ್ದು. ಮೈಕೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯಿಂದ ಬರುತ್ತದೆ. ಕಣ್ಣಲ್ಲಿ ನೊರೆ, ಸೀನು, ರಾತ್ರಿ ಗೊರ ಗೊರ, ಮೊಟ್ಟೆ ಕಡಿಮೆ, ಮೈ ಇಳಿಯುತ್ತದೆ, ಸಾವು ಕಡಿಮೆ, ಆದರೆ ವಾರಗಟ್ಟಲೆ ಎಳೆಯುತ್ತದೆ. ಇನ್ನು ಬೂಷ್ಟು ಹಿಡಿದ ಹುಲ್ಲು, ಬೂಷ್ಟು ಹಿಡಿದ ಶೇಂಗಾ ಹೊಟ್ಟು ಗೂಡಿಗೆ ಹಾಸಿದರೆ ಆ ಬೂಷ್ಟೇ ಶ್ವಾಸಕೋಶಕ್ಕೆ ಹೋಗಿ ಮರಿಗಳು ಸದ್ದಿಲ್ಲದೆ ಬಾಯಿ ತೆರೆದು ಏದುಸಿರು ಬಿಡುತ್ತವೆ. ಅದಕ್ಕೆ ಯಾವ ಆ್ಯಂಟಿಬಯೋಟಿಕ್ಕೂ ನಾಟುವುದಿಲ್ಲ.

ಒಂದು ಮಾತು ಖಡಕ್ಕಾಗಿ ಹೇಳಿದರು. ಒಮ್ಮೆಲೇ ತುಂಬಾ ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಮನೆಯಲ್ಲಿ ಅದನ್ನು ಕೊಯ್ಯಬೇಡಿ, ಮುಟ್ಟಬೇಡಿ, ತಿನ್ನಬೇಡಿ, ತಿಪ್ಪೆಗೂ ಕಾಲುವೆಗೂ ಎಸೆಯಬೇಡಿ, ನಮಗೆ ಫೋನ್ ಮಾಡಿ. ನಮ್ಮಲ್ಲಿ ಹಾಗೆ ಆಗಿರಲಿಲ್ಲ. ಹರಡುವುದು ನಿಧಾನ ಇತ್ತು, ಮೇವು ಕಡಿಮೆ ಆಗಿದ್ದರೂ ಪೂರ್ತಿ ಬಿಟ್ಟಿರಲಿಲ್ಲ, ಹಿಕ್ಕೆ ಹೆಚ್ಚು ಕಡಿಮೆ ಮಾಮೂಲಿ, ವಾಸನೆ ಇಲ್ಲ. ಸಿಆರ್‌ಡಿ ಇರಬಹುದು ಅಂದರು. ಇರಬಹುದು ಅಷ್ಟೇ, ಒಂದು ಕೋಳಿ ಒಳಗೆ ನೋಡದೆ ಖಾತ್ರಿ ಇಲ್ಲ ಅಂದರು.

ಆ ನೊರೆ ಕಣ್ಣಿನ ಹೇಂಟೆ ಆಗಲೇ ಎದೆಮೂಳೆ ಕೈಗೆ ಚುಚ್ಚುವಷ್ಟು ಸೊರಗಿತ್ತು. ಅದು ಸತ್ತ ಬೆಳಿಗ್ಗೆಯೇ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಆಸ್ಪತ್ರೆಗೆ ಒಯ್ದೆವು. ತಡ ಮಾಡಿದರೆ ಒಳಗೆ ಕೊಳೆತು ಏನೂ ಗೊತ್ತಾಗುವುದಿಲ್ಲ. ಡಾಕ್ಟರ್ ಕೊಯ್ದು ತೋರಿಸಿದರು. ಕೋಳಿಗೆ ನಮ್ಮ ಹಾಗೆ ಶ್ವಾಸಕೋಶ ಉಬ್ಬಿ ಇಳಿಯುವುದಿಲ್ಲ, ಎದೆ ಹೊಟ್ಟೆ ನಡುವೆ ನಮಗಿರುವಂಥ ಸ್ನಾಯುವಿನ ಪರದೆ, ವಪೆಯೂ ಇಲ್ಲ. ಹೊಟ್ಟೆ ಎದೆ ತುಂಬಾ ಒಂಬತ್ತು ಗಾಳಿಚೀಲ ಇರುತ್ತವೆ, ಉಸಿರಾಟ ನಡೆಸುವುದು ಅವೇ. ಚೆನ್ನಾಗಿರುವ ಕೋಳಿಯಲ್ಲಿ ಆ ಚೀಲ ಕಣ್ಣಿಗೆ ಕಾಣಿಸುವುದೇ ಕಷ್ಟ, ಅಷ್ಟು ತೆಳು, ಅಷ್ಟು ತಿಳಿ. ನಮ್ಮ ಹೇಂಟೆಯಲ್ಲಿ ಅದು ಮಬ್ಬಾಗಿ ದಪ್ಪಗಾಗಿತ್ತು, ನಡುವೆ ಹಳದಿ ಗರಣೆ. ಪಿತ್ತಜನಕಾಂಗದ ಮೇಲೆ ಬಿಳಿ ಪೊರೆ. ಅದನ್ನು ಚಾಕುವಿನ ತುದಿಯಲ್ಲಿ ಎತ್ತಿದರೆ ಹಾಲಿನ ಕೆನೆ ಬಂದ ಹಾಗೆ ಬಂತು ಅಂತ ಬರೆಯಬಹುದು, ಆದರೆ ಅದು ಒಣಗಿದ ಗಟ್ಟಿ ಪೊರೆ, ಹರಿದು ಬಂತು. ಸಿಆರ್‌ಡಿ ಶುರು ಮಾಡಿದ್ದನ್ನು ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಮುಗಿಸಿದೆ ಅಂದರು. ಕೊಕ್ಕರೆ ರೋಗದಲ್ಲಿ ಜಠರದ ಒಳಗೋಡೆಯ ಮೇಲೆ ರಕ್ತದ ಚುಕ್ಕೆ ಕಾಣುತ್ತವಂತೆ, ಅದನ್ನೂ ಬಿಡಿಸಿ ನೋಡಿದರು, ಇರಲಿಲ್ಲ.

ಔಷಧಿ ವಿಷಯ. ಪಕ್ಕದ ಮನೆಯವರ ಕೋಳಿಗೂ ಅದೇ ಕೆಮ್ಮು ಇತ್ತು. ಅವರು ಅಂಗಡಿಯಲ್ಲಿ ಕೇಳಿ, ಮನುಷ್ಯರಿಗೆ ಕೊಡುವ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಒಡೆದು ಅನ್ನದಲ್ಲಿ ಕಲಸಿ ಹಾಕಿದ್ದರು, ಏನೂ ಆಗಿರಲಿಲ್ಲ. ಆಗುವುದೂ ಇಲ್ಲ. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆ ಒಡೆದು ಕೊಲ್ಲುತ್ತವೆ, ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ನಮಗೆ ಡಾಕ್ಟರ್ ಬರೆದದ್ದು ಟೈಲೋಸಿನ್, ನೀರಲ್ಲಿ ಕರಗುವ ಪುಡಿ. ಲೀಟರ್ ನೀರಿಗೆ ಅರ್ಧ ಗ್ರಾಂ ಟೈಲೋಸಿನ್ ಬೀಳುವ ಲೆಕ್ಕದಲ್ಲಿ 5 ದಿನ. ಪುಡಿಯ ಶಕ್ತಿ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಅದಕ್ಕೇ ಎಷ್ಟು ಚಮಚ ಅಂತ ಇಲ್ಲಿ ಬರೆಯುವುದಿಲ್ಲ, ನಿಮ್ಮ ಡಾಕ್ಟರ್ ಚೀಟಿ ನೋಡಿಯೇ ಹಾಕಿ. ಹಳೇ ಕಾಲದ ಕೆಲವು ಡಬ್ಬಿಗಳಲ್ಲಿ ಕೊಲಿಸ್ಟಿನ್ ಇರುತ್ತದೆ. ಸಾಕುಪ್ರಾಣಿ, ಕೋಳಿಗಳಿಗೆ ಅದನ್ನು ಕೊಡುವುದನ್ನು 2019ರಲ್ಲೇ ಕೇಂದ್ರ ಸರ್ಕಾರ ನಿಷೇಧ ಮಾಡಿದೆ. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಕೊಡುವ ಕೊನೆಯ ಔಷಧಿ ಅದು. ಯಾರಾದರೂ ಕೊಟ್ಟರೆ ತಗೋಬೇಡಿ.

ಔಷಧಿ ತರುವುದು ಸುಲಭ, ಕುಡಿಸುವುದೇ ಕೆಲಸ. ಬಿಟ್ಟು ಸಾಕಿದ ಕೋಳಿ ನಾವು ಇಟ್ಟ ನೀರನ್ನೇ ಕುಡಿಯಬೇಕು ಅಂತ ಎಲ್ಲಿದೆ? ಬಚ್ಚಲು ನೀರು, ಪಾತ್ರೆ ತೊಳೆದ ನೀರು, ದನದ ಬಾನಿ, ನಲ್ಲಿ ಕೆಳಗಿನ ಗುಂಡಿ, ಆಚೆ ದಾಟಿದರೆ ಕಾಲುವೆ. ಹಾಗಾಗಿ ಔಷಧಿ ಮುಗಿಯುವ ತನಕ ಹಳೇ ಮೀನು ಬಲೆ ಕಟ್ಟಿ ಎಲ್ಲವನ್ನೂ ಒಳಗೇ ಇಟ್ಟೆವು. ಅವಕ್ಕೆ ಸಿಟ್ಟು, ಇಡೀ ದಿನ ಕೂಗು. ದೊಡ್ಡ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ, ಚಳಿಯಲ್ಲಿ ಇನ್ನೂ ಕಡಿಮೆ. ಆ ಲೆಕ್ಕ ಹಿಡಿದು ದಿನಾ ಬೆಳಿಗ್ಗೆ ಹೊಸದಾಗಿ ಕಲಸುತ್ತಿದ್ದೆ, ಹಿಂದಿನ ದಿನದ್ದು ಚೆಲ್ಲುತ್ತಿದ್ದೆ. ತೀರಾ ಮಂಕಾಗಿ ನೀರಿಗೆ ಬರದವಕ್ಕೆ ಹನಿ ಹಾಕುವ ಪಿಚಕಾರಿಯಿಂದ, ಕೊಕ್ಕಿನ ಪಕ್ಕದಲ್ಲಿ ಹನಿ ಹನಿಯಾಗಿ. ಬಾಯಿ ಅಗಲ ತೆರೆದು ಸುರಿಯಬಾರದು, ನಾಲಿಗೆಯ ಬುಡದಲ್ಲೇ ಉಸಿರಿನ ತೂತು ಇದೆ, ನೀರು ಅದಕ್ಕಿಳಿದರೆ ರೋಗಕ್ಕಿಂತ ಮೊದಲು ನಾವೇ ಕೊಂದಂತೆ.

ನೀರಿನ ಪಾತ್ರೆ ಅಗಲ ಬಾಯಿಯದು ಇದ್ದರೆ ಬದಲಿಸಿ. ಕೋಳಿ ಮೂಗು ಪೂರ್ತಿ ಅದ್ದಿ ಕುಡಿಯುತ್ತದೆ, ಸಿಂಬಳ ನೀರಿಗೆ, ನೀರು ಇನ್ನೊಂದರ ಬಾಯಿಗೆ. ಕೊರೈಜಾ ಅಂತೂ ಮುಖ್ಯವಾಗಿ ಹೀಗೇ ಹರಡುತ್ತದೆ. ದಿನಾ ತೊಳೆದು ಬಿಸಿಲಿಗೆ ಬೋರಲು ಹಾಕುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ, ಗಾಳಿ. ಡಾಕ್ಟರ್ ಮನೆಗೆ ಬಂದಾಗ ಕೋಳಿ ನೋಡುವ ಮೊದಲು ಗೂಡಿನ ಮುಂದೆ ಮೊಣಕಾಲೂರಿ ಕೂತು ಬಾಗಿಲಲ್ಲಿ ತಲೆ ಹಾಕಿ ಮೂಸಿದರು. ನನಗೂ ಹಾಗೇ ಮೂಸಿ ಅಂದರು. ನಿಂತಾಗ ಏನೂ ಇಲ್ಲ, ಕೋಳಿಯ ಎತ್ತರಕ್ಕೆ ಇಳಿದರೆ ಕಣ್ಣಲ್ಲಿ ನೀರು ಬರುವ ಘಾಟು. ಅದು ಅಮೋನಿಯಾ, ಹಸಿ ಹಿಕ್ಕೆಯಿಂದ ಏಳುವುದು. ಚಳಿ ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಗೋಣಿಚೀಲ, ತಾಡಪತ್ರಿ ಸುತ್ತಿ ಗೂಡನ್ನು ಸಂದಿಲ್ಲದೆ ಮುಚ್ಚುತ್ತೇವೆ. ಒಳಗೆ ಉಸಿರಿನ ಪಸೆ, ಹಿಕ್ಕೆ ಘಾಟು, ರಾತ್ರಿಯಿಡೀ ಅದನ್ನೇ ಎಳೆಯುತ್ತವೆ. ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿರುತ್ತವೆ, ಧೂಳನ್ನೂ ರೋಗಾಣುವನ್ನೂ ಹೊರಗೆ ತಳ್ಳುವುದು ಅವುಗಳ ಕೆಲಸ. ಅಮೋನಿಯಾ ಅವನ್ನೇ ಕೆಡಿಸುತ್ತದೆ. ಆಮೇಲೆ ಟೈಲೋಸಿನ್ ಎಷ್ಟು ಕುಡಿಸಿದರೂ ಔಷಧಿ ನಿಲ್ಲಿಸಿದ ವಾರಕ್ಕೆ ಮತ್ತೆ ಅದೇ ಕೆಮ್ಮು.

ಮಾಡಿದ ಕೆಲಸ ದೊಡ್ಡದೇನಲ್ಲ. ಚಾವಣಿ ಕೆಳಗೆ, ಕೂರುವ ಕೋಲಿಗಿಂತ ಮೇಲೆ, ಎರಡೂ ಬದಿ ಗೇಣಗಲ ಪಟ್ಟಿ ತೆಗೆದು ಜಾಲರಿ ಹೊಡೆದೆವು. ಕೆಳಗೆ ಮುಚ್ಚೇ ಇದೆ, ಗಾಳಿ ಕೋಳಿಗೆ ನೇರ ಬಡಿಯುವುದಿಲ್ಲ, ಘಾಟು ಮೇಲಿಂದ ಹೋಗುತ್ತದೆ. ಕೋಳಿಗೆ ಪುಕ್ಕದ ಹೊದಿಕೆ ಇದೆ, ನಮ್ಮ ಕಡೆಯ ಚಳಿ ಅದಕ್ಕೆ ಏನೂ ಅಲ್ಲ, ಒದ್ದೆ ಇರಬಾರದು ಅಷ್ಟೇ. ಹಾಸಿಗೆಗೆ ನಾವು ಹಾಕುವುದು ಗಿರಣಿಯ ಭತ್ತದ ಹೊಟ್ಟು, ಪುಕ್ಕಟೆ ಸಿಗುತ್ತದೆ. ಆದರೆ ಅದರಲ್ಲಿ ಸಣ್ಣ ಧೂಳು ಜಾಸ್ತಿ. ಈಗ ಹೊರಗೆ ಜರಡಿ ಹಿಡಿದು ಧೂಳು ಹಾರಿಸಿ, ಬಿಸಿಲಿಗೆ ಹರಡಿ, ಆಮೇಲೆ ಹಾಕುತ್ತೇನೆ. ಒದ್ದೆಯಾದ ಜಾಗದ್ದು ಅವತ್ತೇ ತೆಗೆಯುತ್ತೇನೆ. ಇನ್ನೊಂದು, ಸಂಜೆ ಸೊಳ್ಳೆಗೆ ಅಂತ ಗೂಡಿನ ಹತ್ತಿರ ಬೇವಿನ ಸೊಪ್ಪಿನ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ಕೆಮ್ಮುವ ಕೋಳಿಗೆ ಬೇವಿನ ಹೊಗೆಯಾದರೂ ಹೊಗೆಯೇ, ದಯವಿಟ್ಟು ಹಾಕಬೇಡಿ. ಬೆಳ್ಳುಳ್ಳಿ, ಅರಿಶಿನ ಹಾಕುವವರ ಮೇಲೆ ನನಗೆ ಜಗಳ ಇಲ್ಲ, ಮೇವಲ್ಲಿ ಒಂದಿಷ್ಟು ಹಾಕಿದರೆ ಕೆಡುಕಿಲ್ಲ, ಅದನ್ನೇ ನಂಬಿ ಕೂರಬಾರದು.

ಗೂಡು ಸರಿ ಮಾಡಿ, ಔಷಧಿ ಮುಗಿಸಿದ ಮೇಲೆ ರಾತ್ರಿಯ ಸದ್ದು ಕಡಿಮೆ ಆಗುತ್ತಾ ಬಂತು. ಇನ್ನೂ ಒಂದು ಹೇಂಟೆ ಉಳಿಯಲಿಲ್ಲ. ಮಿಕ್ಕವು ಮೇವಿಗೆ ಬಂದವು, ಜುಟ್ಟಿಗೆ ಕೆಂಪು ಬಂತು. ಮೊಟ್ಟೆ ಮಾತ್ರ ಬಹಳ ನಿಧಾನ, ಮೊದಲಿನಷ್ಟು ಇವತ್ತಿಗೂ ಇಲ್ಲ. ಔಷಧಿ ನಡೆಯುವಾಗಲೂ, ಮುಗಿದ ಮೇಲೆ ಡಾಕ್ಟರ್ ಹೇಳಿದಷ್ಟು ದಿನವೂ ಮೊಟ್ಟೆಯನ್ನು ನಾವೂ ತಿನ್ನಲಿಲ್ಲ, ಯಾರಿಗೂ ಮಾರಲಿಲ್ಲ. ನಾಟಿ ಮೊಟ್ಟೆ ಅಂತ ಜಾಸ್ತಿ ದುಡ್ಡು ಕೊಟ್ಟು ಬಾಣಂತಿಗೆ, ಮಕ್ಕಳಿಗೆ ಒಯ್ಯುತ್ತಾರೆ, ಅವರಿಗೆ ಔಷಧಿ ತುಂಬಿದ ಮೊಟ್ಟೆ ಕೊಡುವುದು ಹೇಗೆ?

ಕಹಿ ವಿಷಯ ಏನೆಂದರೆ, ಸಿಆರ್‌ಡಿ ಆದ ಕೋಳಿ ಗುಣವಾದಂತೆ ಕಂಡರೂ ರೋಗಾಣು ಒಳಗೇ ಉಳಿಯುತ್ತದೆ. ಚಳಿ, ಧೂಳು, ಜಾಗ ಬದಲು, ಏನಾದರೂ ನೆಪ ಸಿಕ್ಕರೆ ಮತ್ತೆ ಏಳುತ್ತದೆ. ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ, ಹಾಗಾಗಿ ಈ ಹೇಂಟೆಗಳ ಮೊಟ್ಟೆ ಕಾವಿಗೆ ಕೂರಿಸುವುದನ್ನು ನಿಲ್ಲಿಸಿದ್ದೇನೆ. ಸೀನುತ್ತಿದ್ದ ಹುಂಜದಿಂದ ಬಂದಿರಬಹುದು, ಇಲ್ಲವೇ ಮೊದಲೇ ನಮ್ಮಲ್ಲೇ ಇದ್ದದ್ದು ಕಟಾವಿನ ಧೂಳಿಗೆ ಎದ್ದಿರಬಹುದು, ಎರಡೂ ಸಾಧ್ಯ ಅಂದರು ಡಾಕ್ಟರ್. ಹುಂಜವನ್ನು ತೆಗೆದುಬಿಡೋಣ ಅಂದರೆ ಅತ್ತೆ ಕೇಳಲಿಲ್ಲ. "ಅದು ದೇವರ ಹುಂಜ ಐತಿ, ಹರಕಿ ತೀರೋತನಕ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಮುಂದಿನ ಅಂಗಳದಲ್ಲಿ ಅದಕ್ಕೆ ಬೇರೆ ಬುಟ್ಟಿ, ಬೇರೆ ನೀರು. ಅದನ್ನು ಅತ್ತೆಯೇ ನೋಡಿಕೊಳ್ಳುತ್ತಾರೆ, ಹಿತ್ತಲಿನ ಕೋಳಿಗೆ ನಾನು.

ಗುಣವಾದವನ್ನು ಸಂತೆಗೆ ಒಯ್ದು ಸಾಕುವವರಿಗೆ ಮಾರಿ ಅಂತ ಸಲಹೆ ಕೊಟ್ಟವರು ಕಡಿಮೆ ಇಲ್ಲ. ಅದು ನನಗೆ ಒಪ್ಪಿಗೆ ಇಲ್ಲ. ಇನ್ನೊಬ್ಬ ಹೆಂಗಸಿನ ಹಿತ್ತಲಿಗೆ ನಮ್ಮ ರೋಗ ಕಳಿಸಿದಂತೆ ಆಗುತ್ತದೆ. ಇವು ಇಲ್ಲೇ ಇರುತ್ತವೆ, ಒಂದೊಂದಾಗಿ ಮನೆ ಊಟಕ್ಕೆ ಮುಗಿಯುತ್ತವೆ, ಅಲ್ಲಿಯವರೆಗೆ ಹೊಸ ಕೋಳಿ ಒಂದೂ ಒಳಗೆ ಬರುವುದಿಲ್ಲ. ಆಮೇಲೆ ಗೂಡು ಖಾಲಿ ಮಾಡಿ, ಹಾಸಿಗೆ ತೆಗೆದು, ತೊಳೆದು ಸುಣ್ಣ ಹೊಡೆದು ಬಿಸಿಲಿಗೆ ಬಿಡುವುದು. ಮೈಕೋಪ್ಲಾಸ್ಮಾ, ಕೊರೈಜಾ ಎರಡೂ ಕೋಳಿಯ ಮೈ ಬಿಟ್ಟು ಹೊರಗೆ ಹೆಚ್ಚು ದಿನ ಬದುಕುವುದಿಲ್ಲ, ನಮ್ಮ ಬೇಸಿಗೆ ಬಿಸಿಲಿಗೆ ಇನ್ನೂ ಕಡಿಮೆ.

ಹೊಸ ಮರಿಗೆ ಕೊಕ್ಕರೆ ರೋಗದ ಲಸಿಕೆ ತಪ್ಪಿಸುವಂತಿಲ್ಲ. ಮೊದಲ ವಾರದಲ್ಲೇ, 5ರಿಂದ 7ನೇ ದಿನದೊಳಗೆ, ಕಣ್ಣಿಗೋ ಮೂಗಿಗೋ ಲಸೋಟಾ ಇಲ್ಲವೇ ಎಫ್ ತಳಿಯ ಲಸಿಕೆ ಒಂದು ಹನಿ. ಸುಮಾರು 8ನೇ ವಾರಕ್ಕೆ ಅದೇ ರೋಗಕ್ಕೆ ಆರ್‌2ಬಿ ಅನ್ನುವ ಲಸಿಕೆಯ ಚುಚ್ಚುಮದ್ದು. ಕೆಮ್ಮು ಇರುವಾಗ ಮಾತ್ರ ಹಾಕಿಸಬಾರದು. ಇದು ಜೀವ ಇರುವ ಲಸಿಕೆ, ಒಳಗಿರುವ ಸಿಆರ್‌ಡಿಯನ್ನು ಕೆರಳಿಸುತ್ತದೆ. ಅದಕ್ಕೇ ನಮ್ಮ ಕೋಳಿಗಳದ್ದನ್ನು ಡಾಕ್ಟರ್ ಮುಂದಕ್ಕೆ ಹಾಕಿದರು. ಒಂದು ಬಾಟಲಿಯಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ತಣ್ಣಗಿರಬೇಕು, 2ರಿಂದ 8 ಡಿಗ್ರಿ. ಇಪ್ಪತ್ತು ಕೋಳಿ ಇರುವ ಒಂದು ಮನೆಗೆ ಅದು ವ್ಯರ್ಥ. ಅದಕ್ಕೇ ಸಂಘದ ಸಭೆಯಲ್ಲಿ ಮಾತಾಡಿ ನಾಲ್ಕೈದು ಮನೆ ಒಟ್ಟಾಗಿದ್ದೇವೆ. ಬಾಟಲಿ ತರಲು ಐಸ್ ತುಂಬಿದ ಥರ್ಮೋಕೋಲ್ ಡಬ್ಬಿ, ಕೋಳಿ ಹಿಡಿಯಲು ಪ್ರತಿ ಮನೆಯಿಂದ ಒಬ್ಬರು, ಅದೂ ಬೆಳಿಗ್ಗೆ ಗೂಡು ಬಿಚ್ಚುವ ಮೊದಲೇ, ಯಾಕೆಂದರೆ ಒಮ್ಮೆ ಬಿಟ್ಟ ಮೇಲೆ ನಾಟಿ ಕೋಳಿ ಹಿಡಿಯುವುದು ಯಾರಿಂದಲೂ ಆಗುವುದಿಲ್ಲ.